ಸೂರ್ಯನ ಬೂದಿ

ನನ್ನ ಹೆಂಡತಿ ಸೂರ್ಯನನ್ನು ಹಿಡಿಯಲು ಹೊರಟಳು. ನಾನು ಸೌಟು ಹಿಡಿದೆ. ನಮ್ಮ ಮನೆಯ ಈಚಿನ ಚರಿತ್ರೆ ಇಷ್ಟೇ. ಆದರೂ ನಾಲ್ಕು ಜನರ ಮುಂದೆ ವಿಸ್ತರಿಸಿ ಹೇಳಿಕೊಳ್ಳದಿದ್ದರೆ ನನ್ನ ಮನಸ್ಸು ಹಗುರವಾಗುವುದಿಲ್ಲ.

ನಾನು ಭಾಷೆಯ ಮೇಷ್ಟರು. ಅವಳು ಅದೇ ಶಾಲೆಯಲ್ಲಿ ಭೌತಶಾಸ್ತ್ರದ ಮೇಡಂ. ಇಬ್ಬರೂ ನಿವೃತ್ತರಾದೆವು. ನಿವೃತ್ತನಾದ ಮನುಷ್ಯ ಪತ್ರಿಕೆ ಓದಬೇಕು, ಅದರಲ್ಲಿರುವ ತಪ್ಪುಗಳಿಗೆ ಕೆಂಪು ಗೆರೆ ಎಳೆಯಬೇಕು, ಮಧ್ಯಾಹ್ನ ಮಲಗಬೇಕು. ನಾನು ಈ ಮೂರನ್ನೂ ಶಾಸ್ತ್ರೋಕ್ತವಾಗಿ ನೆರವೇರಿಸುತ್ತಿದ್ದೆ. ಒಂದು ಬೆಳಿಗ್ಗೆ ಅವಳು ಚಹಾದ ಲೋಟವನ್ನು ನನ್ನ ಮುಂದಿಟ್ಟು, "ರೀ, ನಾನು ಡಾಕ್ಟರೇಟ್ ಮಾಡ್ತೀನಿ" ಎಂದಳು.

"ಮಾಡು, ಅದಕ್ಕೇನಂತೆ" ಎಂದೆ. (ಪತ್ರಿಕೆ ಓದುವಾಗ ನಾನು ಯಾವುದಕ್ಕೂ ಅಡ್ಡಿ ಹೇಳುವವನಲ್ಲ.)

"ಪರಮಾಣು ಸಮ್ಮಿಲನದಲ್ಲಿ."

ಆಗ ಪತ್ರಿಕೆ ಕೆಳಗಿಳಿಯಿತು. "ಹಾಗಂದ್ರೆ?"

"ಸೂರ್ಯನೊಳಗೆ ನಡೆಯೋದು. ಸಣ್ಣ ಪರಮಾಣುಗಳು ಒಂದಕ್ಕೊಂದು ಸೇರಿ ದೊಡ್ಡದಾಗ್ತವೆ. ಆಗ ಸಿಕ್ಕಾಪಟ್ಟೆ ಶಾಖ ಬರುತ್ತೆ. ಅದನ್ನ ಇಲ್ಲೇ ಭೂಮಿ ಮೇಲೆ ಮಾಡಿ ವಿದ್ಯುತ್ತು ತೆಗೀಬೇಕು ಅಂತ ಎಲ್ಲರೂ ಒದ್ದಾಡ್ತಿದಾರೆ. ಅಷ್ಟು ಬಿಸಿ ಅನಿಲ ಇಡೋಕೆ ಯಾವ ಪಾತ್ರೆನೂ ತಡೆಯಲ್ಲ ನೋಡಿ, ಅದಕ್ಕೇ ಗೋಡೆಗೆ ತಾಗದ ಹಾಗೆ ಅಯಸ್ಕಾಂತದಿಂದ ಮಧ್ಯದಲ್ಲೇ ಹಿಡಿದಿಡ್ತಾರೆ."

"ಅದರಲ್ಲಿ ನಿನ್ನ ಕೆಲಸ ಏನು?"

"ಶಾಖ ಸೋರಿಹೋಗದ ಹಾಗೆ ದಾರಿ ಹುಡುಕೋದು. ಕಂಪ್ಯೂಟರ್‌ನಲ್ಲಿ."

"ಮತ್ತೆ ಅಡುಗೆ?"

ಈ ಪ್ರಶ್ನೆಯನ್ನು ನಾನು ಕೇಳಬಾರದಿತ್ತು. ಅವಳು ನಿಧಾನವಾಗಿ ಕುರ್ಚಿ ಎಳೆದುಕೊಂಡು ಕುಳಿತಳು. "ಶಾಲೆಗೂ ಹೋಗಿ, ಮನೆಗೂ ಬಂದು, ಇಷ್ಟು ವರ್ಷ ನಾನು ಮಾಡಿದೆ. ಕೊನೇ ಮೌಖಿಕ ಪರೀಕ್ಷೆ, ಆ ವೈವಾ ಮುಗಿಯೋವರೆಗೆ ನೀವು ಮಾಡಿ. ಮುಗಿದ ಮಾರನೇ ದಿನದಿಂದ ಮತ್ತೆ ನಾನು. ಮಾತಾಯ್ತಾ?"

ಮಾತಾಯಿತು. ಹೀಗೆ ನಾನು ಪಾಕಶಾಲೆಯ ಸಿಂಹಾಸನವನ್ನು ಏರಿದೆ. ಪ್ರಜೆಗಳ ಪೈಕಿ ಉಳಿದವಳು ಮಗಳೊಬ್ಬಳೇ. ಅವಳು ಮೊದಲ ದಿನದ ಅನ್ನವನ್ನು ಚಮಚದಿಂದ ಒತ್ತಿ ನೋಡಿ, "ಅಪ್ಪಾ, ಇದನ್ನ ತಿನ್ನಬೇಕಾ, ಗೋಡೆಗೆ ಮೆತ್ತಬೇಕಾ?" ಎಂದು ಕೇಳಿದಳು. ಹಾಗೆ ಕೇಳಿದರೂ ತಟ್ಟೆ ಖಾಲಿಮಾಡಿಯೇ ಎದ್ದಳು. ಆ ಮಗುವಿಗೆ ಒಳ್ಳೆಯದಾಗಲಿ.

ಇನ್ನು ಮಾರ್ಗದರ್ಶಕರ ವಿಷಯ. ಆ ಮಹಾನುಭಾವನು ನಮ್ಮಿಬ್ಬರ ಹಳೆಯ ಶಿಷ್ಯ. ನನ್ನ ಹೆಂಡತಿಯ ತರಗತಿಯಲ್ಲಿ ಬೆಂಚಿನ ಮೇಲೆ ನಿಂತು ಬೆಳೆದವನು. ಈಗ ದೊಡ್ಡ ಪ್ರಾಧ್ಯಾಪಕ. ಅವಳು ಅವನನ್ನು "ಸರ್" ಎನ್ನುತ್ತಾಳೆ, ಅವನು ಅವಳನ್ನು "ಮಿಸ್" ಎನ್ನುತ್ತಾನೆ. ಅವಳು ಕೋಣೆಗೆ ಬಂದರೆ ಅವನು ಎದ್ದು ನಿಲ್ಲುತ್ತಾನೆ. ಅವನು ಎದ್ದನೆಂದು ಅವಳು ಕೂರುವುದಿಲ್ಲ. ಹೀಗೆ ಇಬ್ಬರೂ ನಿಂತೇ ಸಂಶೋಧನೆ ನಡೆಯಿತು. ಅವಳ ಬರಹದಲ್ಲಿ ತಪ್ಪು ಕಂಡರೆ ಅವನು ಪೆನ್ಸಿಲ್ಲಿನಿಂದ ಎಷ್ಟು ಮೆಲ್ಲಗೆ ಗುರುತು ಹಾಕುತ್ತಿದ್ದನೆಂದರೆ, ಅದನ್ನು ಕಾಣಲು ಹಾಳೆಯನ್ನು ಕಿಟಕಿಗೆ ಹಿಡಿಯಬೇಕಾಗುತ್ತಿತ್ತು.

"ಸರ್, ಈ ಅಧ್ಯಾಯ ಸರಿಯಿದೆಯಾ?"

"ಮಿಸ್, ನೀವು ಬರೆದ ಮೇಲೆ ನಾನೇನು ಹೇಳಲಿ?"

ಬೆನ್ನಿಗೆ ಚೀಲ ಹಾಕಿಕೊಂಡು ಮೊಮ್ಮಕ್ಕಳ ವಯಸ್ಸಿನವರ ಜೊತೆ ಬಸ್ಸು ಹತ್ತುವ ಅವಳನ್ನು ದಿನವೂ ಬಾಗಿಲಿನಿಂದ ನೋಡುತ್ತಿದ್ದೆ. ಸಂಜೆ ಬಂದವಳು, ನಾನು ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ಕುಳಿತು ಅಂದಿನ ವಾರ್ತೆಯನ್ನು ಹೇಳುತ್ತಿದ್ದಳು: ಬಿಸಿ ಅನಿಲ ಎಲ್ಲಿ ಕುಣಿಯಿತು, ಎಲ್ಲಿ ತಪ್ಪಿಸಿಕೊಂಡಿತು, ಇವಳು ಹೇಗೆ ಅದರ ದಾರಿ ಕಟ್ಟಿದಳು. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ತಲೆಯಾಡಿಸುತ್ತಿದ್ದೆ. ಅವಳ ಮುಖದಲ್ಲಿ ಅಂಥ ಬೆಳಕನ್ನು ಕಾಣುವ ಭಾಗ್ಯ ನಿವೃತ್ತಿಯ ನಂತರ ನನಗೆ ದೊರೆಯಿತಲ್ಲ ಎಂದು ಒಳಗೊಳಗೇ ಕೈಮುಗಿಯುತ್ತಿದ್ದೆ. ಹಾಗೆಯೇ, ವೈವಾ ಬೇಗ ಬರಲಿ ಎಂದೂ ಕೈಮುಗಿಯುತ್ತಿದ್ದೆ. ಬೆನ್ನುನೋವು ಯಾರನ್ನು ಬಿಟ್ಟಿದೆ?

ಅಂತೂ ಮಹಾಪ್ರಬಂಧ ಸಿದ್ಧವಾಯಿತು, ವೈವಾದ ದಿನ ಗೊತ್ತಾಯಿತು. ಶಿಷ್ಯ ಮನೆಗೆ ಬಂದು, ಕೂರೆಂದರೂ ಕೂರದೆ, ವಿವರಿಸಿದ.

"ಬಹಿರಂಗ ಸಭೆ, ಸರ್. ಯಾರು ಬೇಕಾದ್ರೂ ಪ್ರಶ್ನೆ ಕೇಳಬಹುದು. ಯಾರೂ ಕೇಳದಿದ್ರೆ ಪರೀಕ್ಷಕರಿಗೆ ಸಪ್ಪೆ ಅನ್ನಿಸುತ್ತೆ. ನಮ್ಮ ಕಡೆಯವರು ಒಬ್ಬರು ಒಂದು ಸುಲಭದ ಪ್ರಶ್ನೆ ಕೇಳಿದ್ರೆ ಚೆನ್ನಾಗಿರುತ್ತೆ."

"ಇವರೇ ಕೇಳಲಿ" ಎಂದಳು ಹೆಂಡತಿ. "ರೀ, ಬಾಯಿಪಾಠ ಮಾಡ್ಕೊಳ್ಳಿ. 'ಈ ವಿದ್ಯುತ್ತು ನಮ್ಮ ಮನೆಗಳಿಗೆ ಯಾವಾಗ ಬರುತ್ತೆ?' ಅಷ್ಟೇ. ಉತ್ತರಕ್ಕೆ ಚಿತ್ರ ಸಮೇತ ತಯಾರಾಗಿದೀನಿ."

"ಅಷ್ಟೇ ಅಪ್ಪಾ" ಎಂದಳು ಮಗಳು. "ಪೀಠಿಕೆ ಬೇಡ, ಉಪಸಂಹಾರ ಬೇಡ."

ಒಂದು ವಾರ ಒಲೆಯ ಮುಂದೆ ಅದನ್ನು ಉರುಹೊಡೆದೆ.

ಸಭೆಯಲ್ಲಿ ಅವಳು ಮಾತನಾಡಿದ್ದನ್ನು ವರ್ಣಿಸಲು ನನ್ನಲ್ಲಿರುವ ಶಬ್ದಭಂಡಾರ ಸಾಲದು. ಒಂದು ಪದವೂ ಎಡವಲಿಲ್ಲ. ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ಕುರ್ಚಿಗೆ ಒರಗಿ ಕಣ್ಣು ಅರೆ ಮುಚ್ಚಿದ್ದರು. ಅದು ಸಮ್ಮತಿಯ ಲಕ್ಷಣವೆಂದು ಶಿಷ್ಯ ಸನ್ನೆ ಮಾಡಿದ. "ಪ್ರಶ್ನೆಗಳಿವೆಯೇ?" ಎಂದದ್ದೇ ತಡ, ನಾನು ಕೈಯೆತ್ತಿದೆ. ಅಷ್ಟರಲ್ಲಿ ಮುಂದಿನ ಸಾಲಿನ ತರುಣಿಯೊಬ್ಬಳು ಎದ್ದು, "ಈ ವಿದ್ಯುತ್ತು ನಮ್ಮ ಮನೆಗಳಿಗೆ ಯಾವಾಗ ಬರುತ್ತೆ?" ಎಂದುಬಿಟ್ಟಳು!

ನನ್ನ ಹೆಂಡತಿ ಚಿತ್ರಸಮೇತ ಉತ್ತರಿಸಿದಳು. ಚಪ್ಪಾಳೆ ಬಿತ್ತು. ನನ್ನ ಕೈ ಮಾತ್ರ ಮೇಲೆಯೇ ಉಳಿದಿತ್ತು. ಯಾರೋ ಅದರೊಳಗೆ ಮೈಕು ತುರುಕಿದರು.

ಕೈಯೆತ್ತಿದವನು ಎದ್ದು ಕೇಳಲೇಬೇಕೆಂದು ಸೇವಾವಧಿಯುದ್ದಕ್ಕೂ ಮಕ್ಕಳಿಗೆ ಬೋಧಿಸಿದವನು ನಾನು. ಎದ್ದೆ. ತೊಳೆದಿಟ್ಟ ಪಾತ್ರೆಯಂತೆ ತಲೆ ಬರಿದಾಗಿತ್ತು. ಆ ಬರಿದಿನಲ್ಲಿ, ಎಲ್ಲಿಂದಲೋ, ನಮ್ಮಮ್ಮ ಬಂದಳು. ಸೌದೆಯ ಒಲೆ ಹಚ್ಚುವ ಮುನ್ನ ಹಿಂದಿನ ದಿನದ ಬೂದಿಯನ್ನು ಅಂಗೈಯಿಂದ ಬಾಚಿ ತೆಗೆಯುತ್ತಿದ್ದ ಅಮ್ಮ.

"ಮಾನ್ಯರೇ," ಎಂದೆ ಹೆಂಡತಿಗೆ, "ತಮ್ಮ ಈ ಒಲೆಯಲ್ಲಿ ಬೂದಿ ಏನಾಗುತ್ತದೆ?"

ಅವಳ ಮುಖ ಅರಳಿತು. "ಇಲ್ಲಿ ಬೂದಿ ಅಂದ್ರೆ ಪರಮಾಣುಗಳು ಸೇರಿದಾಗ ಉಳಿಯೋ ಹೀಲಿಯಂ ಅನಿಲ. ಅದು ಮೆಲ್ಲಗೆ ಹೊರಗೆ ಹೋಗುತ್ತೆ."

ಅಲ್ಲಿಗೆ ಕುಳಿತುಕೊಳ್ಳಬಹುದಿತ್ತು. ಆದರೆ ಮೇಷ್ಟರ ನಾಲಿಗೆ, ಒಮ್ಮೆ ಹೊರಟರೆ ಗಂಟೆ ಹೊಡೆಯುವವರೆಗೆ ನಿಲ್ಲದು. "ಆದರೆ ಏನೂ ಸೋರದ ಹಾಗೆ ಎಲ್ಲ ದಾರಿಗಳನ್ನೂ ಕಟ್ಟಿದ್ದೇನೆ ಎಂದು ತಾವು ಈಗ ತಾನೆ ಹೇಳಿದಿರಿ. ಶಾಖಕ್ಕೇ ಇಲ್ಲದ ದಾರಿ ಬೂದಿಗೆ ಎಲ್ಲಿಂದ ಬಂತು?"

ಹಿರಿಯ ಪರೀಕ್ಷಕರ ಎರಡು ಕಣ್ಣುಗಳೂ ಪೂರ್ತಿ ತೆರೆದವು. ಬೆನ್ನು ಕುರ್ಚಿಯನ್ನು ಬಿಟ್ಟಿತು. ಶಿಷ್ಯ ಮೇಲ್ಛಾವಣಿಯ ಫ್ಯಾನನ್ನು ದಿಟ್ಟಿಸತೊಡಗಿದ.

ಹೆಂಡತಿ ನನ್ನನ್ನು ನೋಡಿದಳು, ಪರದೆಯನ್ನು ನೋಡಿದಳು. ಆಮೇಲೆ ನೇರವಾಗಿ ನಿಂತು ಹೇಳಿದಳು: "ನಾನು ಶಾಖವನ್ನ ಮಾತ್ರ ಗಮನಿಸಿದೀನಿ. ನೀವು ಹೇಳಿದ್ದು ಸರಿ. ಬೂದಿ ಒಳಗೇ ಉಳಿದ್ರೆ ಬೆಂಕಿ ಮಂಕಾಗುತ್ತೆ. ಎಷ್ಟು ಉಳಿಯುತ್ತೆ ಅಂತ ನನಗೆ ಗೊತ್ತಿಲ್ಲ."

ಪರೀಕ್ಷಕರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗಿನ ಮೊಗಸಾಲೆಯಲ್ಲಿ ಮಗಳು ನನ್ನನ್ನು ಹಿಡಿದುಕೊಂಡಳು.

"ಅಪ್ಪಾ, ನಿನಗೆ ಕೊಟ್ಟಿದ್ದು ಒಂದೇ ಒಂದು ಪ್ರಶ್ನೆ!"

"ಅದನ್ನ ಆ ಹುಡುಗಿ ಕೇಳಿಬಿಟ್ಟಳಲ್ಲಮ್ಮ."

"ಕೈ ಇಳಿಸೋಕೆ ಏನಾಗಿತ್ತು?"

ಹೆಂಡತಿ ಕಿಟಕಿಯ ಬಳಿ ನಮಗೆ ಬೆನ್ನು ಮಾಡಿ ನಿಂತಿದ್ದಳು. ಅವಳ ಇಷ್ಟು ವರ್ಷಗಳ ಬಸ್ಸು, ಚೀಲ, ಕನ್ನಡಕದ ಕೆಳಗಿನ ಕಪ್ಪು, ಎಲ್ಲವನ್ನೂ ಒಂದು ಮೈಕಿನಿಂದ ಮಣ್ಣುಪಾಲು ಮಾಡಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಬಾಗಿಲು ತೆರೆಯಿತು. ತೀರ್ಪು ಹೀಗಿತ್ತು: ಕೆಲಸ ಶ್ಲಾಘನೀಯ; ಗೊತ್ತಿಲ್ಲವೆಂದು ಹೇಳಿದ ಪ್ರಾಮಾಣಿಕತೆ ಇನ್ನೂ ಶ್ಲಾಘನೀಯ. ಆದರೆ ಬೂದಿಯ ಬಗ್ಗೆ ಒಂದು ಅಧ್ಯಾಯವನ್ನು ಸೇರಿಸಿ, ಒಂದು ವರ್ಷದ ನಂತರ ಮತ್ತೆ ವೈವಾ. ಹಿರಿಯ ಪರೀಕ್ಷಕರು ನನ್ನ ಕೈ ಕುಲುಕಿ, "ತಾವು ಯಾವ ಸಂಸ್ಥೆಯವರು?" ಎಂದು ಕೇಳಿದರು. ಮಗಳು ನನ್ನನ್ನು ಎಳೆದುಕೊಂಡು ಹೋದಳು.

ಬಸ್ಸಿನಲ್ಲಿ ಹೆಂಡತಿಯ ಪಕ್ಕ ಅಪರಾಧಿಯಂತೆ ಕುಳಿತೆ.

"ಸಿಟ್ಟು ಬಂದಿದೆಯಾ?"

"ಸಿಟ್ಟಾ?" ಅವಳು ತಿರುಗಿದಳು. ಮುಖದಲ್ಲಿ ತರಕಾರಿ ಹೆಚ್ಚುವ ಹೊತ್ತಿನ ಅದೇ ಬೆಳಕು. "ಆ ಪೆನ್ಸಿಲ್ ಮಹಾಶಯ ನನಗೆ ಒಂದು ಸಲನೂ ಎದುರಾಡ್ಲಿಲ್ಲ. ನೀವು ಮಾತ್ರ ನಾನು ಹೇಳಿದ್ದನ್ನೆಲ್ಲ ನಿಜವಾಗ್ಲೂ ಕೇಳಿಸಿಕೊಂಡಿದೀರಿ. ಸುಮ್ನೆ ತಲೆ ಆಡಿಸ್ತೀರ ಅಂದ್ಕೊಂಡಿದ್ದೆ ಕಣ್ರೀ. ನಿಮ್ಮ ಉಪಕಾರ ಮರೆಯಲ್ಲ." ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಇನ್ನೊಂದು ವರ್ಷ ಓದೋಕೆ ಸಿಕ್ತು!"

ನನ್ನ ಕಣ್ಣು ತುಂಬಿ ಬಂತು. ಎರಡು ನಿಲ್ದಾಣಗಳವರೆಗೆ ಆ ಆನಂದದಲ್ಲಿಯೇ ಇದ್ದೆ. ಮೂರನೆಯದರಲ್ಲಿ ಹಿಂದಿನ ಸೀಟಿನಿಂದ ಮಗಳು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು:

"ಅಪ್ಪಾ, ವೈವಾ ಮುಗಿಯೋವರೆಗೆ ಅಡುಗೆ ನಿಂದೇ ಅಲ್ವಾ?"

ಮನೆಗೆ ಬಂದು ಅಕ್ಕಿ ತೊಳೆದೆ. ಪಕ್ಕದಲ್ಲಿ ಅವಳು ಆಗಲೇ ಕಂಪ್ಯೂಟರ್ ತೆರೆದು ಬೂದಿಯ ಹಿಂದೆ ಬಿದ್ದಿದ್ದಳು. ಅನ್ನಕ್ಕಿಡುವಾಗ, ದೇವರಾಣೆಗೂ ನಾನು ಕರೆಯದಿದ್ದರೂ, ನನಗೆ ಇನ್ನೊಂದು ಪ್ರಶ್ನೆ ಹೊಳೆಯಿತು. ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡೆ.

ಅವಳು ತಲೆಯೆತ್ತಿದಳು. "ಏನ್ರೀ, ಏನೋ ಯೋಚನೆ ಮಾಡ್ತಿದೀರ? ಹೇಳಿ, ಹೇಳಿ."

"ಏನಿಲ್ಲ ಕಣೇ. ಸಾರಿಗೆ ಉಪ್ಪು ಹಾಕಿದೆನೋ ಇಲ್ವೋ ಅಂತ" ಎಂದು, ಮಾತಿಗೆ ಸಾಕ್ಷಿಯಾಗಿ ಇನ್ನೊಂದು ಚಮಚ ಹಾಕಿದೆ.

ಆ ರಾತ್ರಿ ಅವಳು ಒಂದು ಮಾತೂ ಆಡದೆ ಪೂರ್ತಿ ಉಂಡಳು. ಆಮೇಲೆ ಒಂದು ತಂಬಿಗೆ ನೀರು ಕುಡಿದಳು.