ಮಾರ್ಥವ್ವನಿಗೊಂದು ಲೈವ್

ಯಂತ್ರ ಬಲ್ಲವನೆಂಬ ಹೆಸರು ಒಮ್ಮೆ ಅಂಟಿಕೊಂಡರೆ ತೊಳೆದರೂ ಹೋಗುವುದಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಒಂದು ಸಲ ನಮ್ಮ ಪಾಸ್ಟರ್ ಮನೆಯ ಮಿಕ್ಸರ್ ರಿಪೇರಿ ಮಾಡಿದ್ದೆ. ನಿಜ ಹೇಳಬೇಕೆಂದರೆ ಪ್ಲಗ್ಗು ಸಡಿಲಾಗಿತ್ತು, ಒತ್ತಿದೆ, ಅಷ್ಟೆ. ಅಂದಿನಿಂದ ಹಿರೇಕೆರೂರಿನ ನಮ್ಮ ಪುಟ್ಟ ಚರ್ಚಿನಲ್ಲಿ ಫ್ಯಾನು ಕಿರುಗುಟ್ಟಿದರೂ ಎಲ್ಲರ ಕತ್ತು ನನ್ನ ಕಡೆ ತಿರುಗುತ್ತದೆ. ನಾನೂ ಎಲ್ಲ ಬಲ್ಲವನಂತೆ ಗಂಭೀರವಾಗಿ ಫ್ಯಾನು ನೋಡುತ್ತೇನೆ. ಈ ದೌರ್ಬಲ್ಯವೇ ನನ್ನನ್ನು ಲೈವ್ ವಿಡಿಯೊದವರೆಗೆ ಎಳೆದುಕೊಂಡು ಹೋಯಿತು.

ಮಾಸೂರಿನ ಮಾರ್ಥವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಪ್ರತಿ ಭಾನುವಾರ ಮೊದಲ ಬಸ್ಸಿಗೇ ಬಂದು, ಚರ್ಚಿನ ಬಾಗಿಲ ಬಳಿ ಕೂತು, ಬಂದವರು ಹೊರಗೆ ಬಿಟ್ಟ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದವಳು ಅವಳು. ನೋಡಲು ಹೋದ ಪಾಸ್ಟರ್ ಕೈ ಹಿಡಿದು, "ಸಾಯೂದ್ರಾಗ ಒಮ್ಮೆ ನಮ್ಮ ಮಂದೀನ ಕಣ್ಣತುಂಬ ನೋಡಬೇಕ್ರಿ" ಎಂದು ಅತ್ತಳಂತೆ. ಪಾಸ್ಟರ್ ನೇರ ನನ್ನ ಮನೆಗೆ ಬಂದರು.

"ಮಾಸ್ತರ್ರೀ, ಬರೂ ಐತವಾರ ಲೈವ್ ಹಚ್ಚಬೇಕು. ಮಾರ್ಥವ್ವ ಮೊಮ್ಮಗನ ಫೋನಿನ್ಯಾಗ ನೋಡ್ತಾಳ. ನಾ ಮಾತು ಕೊಟ್ಟು ಬಂದೇನಿ."

"ಅದಕ್ಕೇನ್ರಿ" ಎಂದುಬಿಟ್ಟೆ.

ಚರ್ಚಿನ ಕಮಿಟಿ ಸಭೆ ಸೇರಿ ಆಶೀರ್ವಾದವನ್ನಷ್ಟೇ ಮಂಜೂರು ಮಾಡಿತು. ಕ್ಯಾಮೆರಾ ಎಂದರೆ ಗಾಜು ಬಿರಿದ ನನ್ನ ಫೋನು. ಸ್ಟ್ಯಾಂಡು ಫೋಟೊ ಸ್ಟುಡಿಯೊದವರು ಮೂಲೆಗೆ ಎಸೆದದ್ದು. ಅದರ ಒಂದು ಕಾಲು ಗಿಡ್ಡ. ಪ್ಲಗ್ಗು ಇರುವುದು ಬಾಗಿಲ ಬಳಿ ಮಾತ್ರ, ಆದ್ದರಿಂದ ಸ್ಟ್ಯಾಂಡೂ ಅಲ್ಲೇ ನಿಂತಿತು. ಗಿಡ್ಡ ಕಾಲಿನ ಕೆಳಗೆ ನನ್ನ ಎರಡೂ ಚಪ್ಪಲಿಗಳನ್ನು ಒಂದರ ಮೇಲೊಂದಿಟ್ಟು ಸಮ ಮಾಡಿದೆ. ಚರ್ಚಿನೊಳಗೆ ಚಪ್ಪಲಿ! ಪಾಸ್ಟರ್ ಒಮ್ಮೆ ಅವನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, ಬೇರೆ ದಾರಿ ಕಾಣದೆ ಒಳಗೆ ನಡೆದರು.

ಹಾಡು ಮುಗಿಯುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಪ್ರಾರ್ಥನೆ. ನಮ್ಮ ಪಾಸ್ಟರ್ ಪ್ರಾರ್ಥನೆ ಸಣ್ಣದಲ್ಲ. ಅದು ಹಿರೇಕೆರೂರಿನಿಂದ ಹೊರಟು ಹಾನಗಲ್ಲಿನ ರೋಗಿಗಳನ್ನು ವಿಚಾರಿಸಿ, ಸವಣೂರು ದಾಟಿ, ಶಿಗ್ಗಾವಿಯ ಮಳೆ ಬೆಳೆ ನೋಡಿಕೊಂಡು ತಿರುಗಿ ಬರಬೇಕು. ಎಲ್ಲರೂ ಕಣ್ಣು ಮುಚ್ಚಿದರು, ನಾನೂ ಮುಚ್ಚಿದೆ. ಎಂದಿನಂತೆ ಸವಣೂರಿನ ಹೊತ್ತಿಗೆ ನನಗೆ ನಿದ್ದೆ ಹತ್ತಿತು.

'ಆಮೆನ್' ಕೇಳಿ ಎಚ್ಚರಾಗಿ ಬಾಗಿಲ ಕಡೆ ತಿರುಗಿದೆ. ಚಪ್ಪಲಿ ಜಾರಿ, ಸ್ಟ್ಯಾಂಡು ವಾಲಿ, ಫೋನು ಬಾಗಿಲ ಚೌಕಟ್ಟಿಗೆ ಒರಗಿ ಹೊರಗೆ ಮುಖ ಮಾಡಿತ್ತು. ಪ್ರಾರ್ಥನೆಯುದ್ದಕ್ಕೂ ಆ ಮುದುಕಿಗೆ ನಾನು ತೋರಿಸಿದ್ದು ಮಂದಿಯ ಚಪ್ಪಲಿಗಳನ್ನು. ವಾಲುವಾಗ ಚಾರ್ಜರಿನ ವೈರು ಕಿತ್ತುಬಂದಿತ್ತು, ಅಷ್ಟರಲ್ಲಿ ಫೋನಿನ ಚಾರ್ಜೂ ಮುಗಿದು ಲೈವ್ ನಿಂತುಹೋಗಿತ್ತು. ನನಗೆ ಅಳುವೇ ಬಂತು.

ಕ್ಷಮೆ ಕೇಳಲೆಂದು ಮಧ್ಯಾಹ್ನವೇ ಪಾಸ್ಟರ್ ಜೊತೆ ಮಾಸೂರಿಗೆ ಹೋದೆ. ಮಾರ್ಥವ್ವನ ಮುಖ ಅರಳಿತ್ತು.

"ಬರ್ರಿ, ಕುಂದರ್ರಿ. ಹಾಡು ಹೇಳೂ ಮುಂದ ಬರೇ ಬೆನ್ನ ಕಂಡ್ವು, ಯಾರಂತ ತಿಳೀಲಿಲ್ಲ. ಆಮ್ಯಾಲ ನೋಡ್ರಿ, ಎಲ್ಲಾರೂ ಸಿಕ್ಕರು! ಸಾಮುವೇಲಪ್ಪನ ಎಡಗಾಲ ಚಪ್ಪಲಿ ಹಿಮ್ಮಡಿ ಇನ್ನೂ ಸವದೈತಿ, ಮೊಣಕಾಲ ನೋವು ಹೋಗಿಲ್ಲ. ಎಸ್ತೇರಿ ತವರುಮನಿಯಿಂದ ಬಂದಾಳ, ಗಂಡನ ಚಪ್ಪಲಿ ಬಾಜೂಕ್ಕನ ಬಿಟ್ಟಾಳ. ಜಗಳ ತೀರಿತು, ಛಲೋ ಆತು."

ನಾನು ಬೆರಗಾಗಿ ಕೂತೆ. ವರ್ಷಗಟ್ಟಲೆ ಅದೇ ಚರ್ಚಿಗೆ ಹೋದರೂ ಸಾಮುವೇಲಪ್ಪ ಕುಂಟುವುದು ನನಗೆ ಗೊತ್ತಿರಲಿಲ್ಲ. ಎಸ್ತೇರಿ ತವರಿಗೆ ಹೋದದ್ದೂ ತಿಳಿದಿರಲಿಲ್ಲ. ಈಕೆ ಹಾಸಿಗೆಯಲ್ಲಿ ಮಲಗಿಕೊಂಡೇ ಚಪ್ಪಲಿಗಳ ಸಾಲಿನಲ್ಲಿ ನಮ್ಮೆಲ್ಲರ ಸುಖದುಃಖ ವಿಚಾರಿಸಿ ಮುಗಿಸಿದ್ದಳು. ಎಂಥ ಕಣ್ಣು, ಎಂಥ ಮನಸ್ಸು!

"ಆದ್ರ ಮಾಸ್ತರ್ರೀ," ಎಂದಳು ಕಳವಳದಿಂದ, "ನಿಮ್ಮ ಚಪ್ಪಲಿ ಎಷ್ಟ ಹುಡುಕಿದ್ರೂ ಸಿಗಲಿಲ್ಲ. ನೀವ್ಯಾಕ ಬಂದಿರಲಿಲ್ಲ? ಆರಾಮ ಅದೀರಿಲ್ಲೋ?"

ಅವು ಸ್ಟ್ಯಾಂಡಿನ ಕೆಳಗಿದ್ದವು ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಪಾಸ್ಟರ್ ಇದ್ದರು. ಚಪ್ಪಲಿಗಳು ಬಂದಿದ್ದವು ನಿಜ, ನಾನು ಬಂದಿದ್ದೆನೇ? ಆ ದಿನದ ಪ್ರಾರ್ಥನೆಯಲ್ಲಿ ಸವಣೂರಿನ ಮುಂದಿನದು ಒಂದು ಮಾತಾದರೂ ನೆನಪಿದೆಯೇ ಎಂದು ತಡಕಾಡಿದೆ. ಇರಲಿಲ್ಲ.

"ಇಲ್ಲಬೇ, ಬಂದಿರಲಿಲ್ಲ" ಎಂದೆ. "ಬರೂ ವಾರ ಬರ್ತೇನಿ."