ಮನೆಮಂದಿಗೆಲ್ಲ ಕೇಳಿದ ಕೀರಲು

ಕೂದಲು ಬೆಳ್ಳಗಾದರೆ ಬಣ್ಣ ಹಚ್ಚಬಹುದು, ಹಲ್ಲು ಬಿದ್ದರೆ ಕಟ್ಟಿಸಬಹುದು, ಅಕ್ಷರ ಮಸುಕಾದರೆ ಕನ್ನಡಕ ಹಾಕಿಕೊಂಡು ಇನ್ನಷ್ಟು ಗಂಭೀರವಾಗಿ ಕಾಣಬಹುದು. ಕಿವಿಯ ವಿಷಯದಲ್ಲಿ ಮಾತ್ರ ಮನುಷ್ಯನಿಗೆ ಇಂಥ ಸಮಾಧಾನಗಳಿಲ್ಲ. ಅದರಲ್ಲೂ ನಾನು ಯಕ್ಷಗಾನಕ್ಕೆ ಹೆಸರಾದ ಕರ್ಕಿಯವನು. ಹೊನ್ನಾವರ ಪೇಟೆಯಲ್ಲಿ ಮನೆ ಮಾಡಿ ಎಷ್ಟೋ ಕಾಲವಾಗಿದ್ದರೂ, ಸುತ್ತಮುತ್ತ ಯಕ್ಷಗಾನವಾದರೆ ಮದ್ದಳೆಯ ಶ್ರುತಿ ಕೂಡಿತೇ ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಕಣ್ಣು ಮುಚ್ಚಿ, ಬೇಕೆಂದೇ ಸ್ವಲ್ಪ ಕಾಯಿಸಿ, "ಆತು" ಅನ್ನುತ್ತಿದ್ದೆ. ಹಗಲೆಲ್ಲ ಆಫೀಸಿನಲ್ಲಿ ಬೈಸಿಕೊಳ್ಳುವ ಗುಮಾಸ್ತನಿಗೆ ಊರಲ್ಲಿ ಇದ್ದ ಮರ್ಯಾದೆಯೆಲ್ಲ ಆ ಎರಡು ಕಿವಿಗಳದ್ದು.

ಒಂದು ಸೋಮವಾರ ಬೆಳಿಗ್ಗೆ ಹೆಂಡತಿ ದೋಸೆ ಕಾವಲಿಯ ಮೇಲೇ ಬಿಟ್ಟು ಬಂದು, ಮನೆಯೊಳಗೆ ಎಲ್ಲೋ ಸೂಜಿ ಚುಚ್ಚಿದಂತೆ "ಕೀ" ಎಂದು ಸದ್ದು ಬರುತ್ತಿದೆ ಎಂದಳು. ಕಾಲೇಜಿಗೆ ಹೊರಟಿದ್ದ ಮಗಳು ಆಗಲೇ ಕಿವಿ ಮುಚ್ಚಿಕೊಂಡಿದ್ದಳು. ಜಗಲಿಯಲ್ಲಿದ್ದ ಅಮ್ಮ ಮಾತ್ರ ತನಗೇನೂ ಕೇಳುವುದಿಲ್ಲ ಎಂದಳು. ಪಾಪ, ವಯಸ್ಸಾಯಿತು ಎಂದು ನಾವು ಮೂವರೂ ನಕ್ಕೆವು. ನಿಜ ಹೇಳುತ್ತೇನೆ, ನನಗೂ ಏನೂ ಕೇಳುತ್ತಿರಲಿಲ್ಲ. ದೋಸೆಯ ಚುಂಯ್ ಕೇಳುತ್ತಿತ್ತು, ಬೀದಿಯಲ್ಲಿ ಮೀನಿನವಳ ಕೂಗು ಕೇಳುತ್ತಿತ್ತು, ಆ ಕೀರಲು ಮಾತ್ರ ಇಲ್ಲ. ಅಮ್ಮನ ಪಕ್ಷ ಸೇರಿಬಿಡಬಹುದಿತ್ತು. ಆದರೆ ಕಿವುಡನಿಗೆ ಮದ್ದಳೆಯ ಮುಂದೆ ಯಾರು ಚಾಪೆ ಹಾಕುತ್ತಾರೆ?

ಆದ್ದರಿಂದ ಎಂದಿನ ಗತ್ತಿನಲ್ಲೇ ಕಣ್ಣು ಮುಚ್ಚಿ, ಸದ್ದು ಅಟ್ಟದಿಂದ ಬರುತ್ತಿದೆ, ಜೀರುಂಡೆಯದು ಎಂದು ತೀರ್ಪು ಕೊಟ್ಟೆ. ಕೊಟ್ಟ ಮೇಲೆ ಹತ್ತಲೇಬೇಕಲ್ಲ. ತಲೆತುಂಬ ಜೇಡರಬಲೆ ಹೊತ್ತು ಇಳಿದು, ಅಲ್ಲ, ಬಚ್ಚಲಿನ ನಲ್ಲಿಯೇ ಇರಬೇಕು ಎಂದೆ. ಮಗಳು ನನ್ನನ್ನು ಒಂದು ಥರಾ ನೋಡಿ, ಬಸ್ಸು ತಪ್ಪುತ್ತದೆಂದು ಹೊರಟುಹೋದಳು. ಹೆಂಡತಿ ನನ್ನ ತೀರ್ಪುಗಳ ಗೊಡವೆಗೇ ಹೋಗದೆ ಒಂದೊಂದು ಬಾಗಿಲಲ್ಲೂ ನಿಂತು ಕಿವಿಗೊಡುತ್ತ ಬಂದು, ಕೊನೆಗೆ ನಡುಮನೆಯ ಟಿ.ವಿ.ಯ ಮುಂದೆ ನಿಂತಳು.

ಆಗ ನೆನಪಾಯಿತು. ಹಿಂದಿನ ಸಂಜೆ ಭಟ್ಕಳದಿಂದ ಅವಳ ಅಣ್ಣ ಬಂದಿದ್ದ. ಅವನ ನೆರೆಮನೆಗಳಲ್ಲೆಲ್ಲ ದುಬೈಯಿಂದ ಬಂದ ಬಣ್ಣದ ಟಿ.ವಿ.ಗಳು. ನಮ್ಮಲ್ಲೂ ಕಪ್ಪು-ಬಿಳುಪಿನದೊಂದು ಇದೆ ಎಂಬುದು ಭಾವನಿಗೆ ಕಾಣಲಿ ಎಂದು, ಮಾತಿಗೆ ಕೂತಾಗ ಸದ್ದು ಪೂರ್ತಿ ತಗ್ಗಿಸಿ ಚಿತ್ರ ಮಾತ್ರ ಬಿಟ್ಟಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಭಾವ ಹೊರಟ ಮೇಲೆ ಟಿ.ವಿ.ಯ ಮರದ ಬಾಗಿಲು ಎಳೆದು, ಕಸೂತಿ ಬಟ್ಟೆಯನ್ನು ನೆರಿಗೆ ಬಾರದಂತೆ ಹೊದಿಸಿದ್ದೆ. ಸ್ವಿಚ್ಚಿನ ನೆನಪೇ ಆಗಿರಲಿಲ್ಲ. ದನಿ ತಗ್ಗಿಸಿದರೂ ಇಂಥ ಟಿ.ವಿ.ಗಳ ಒಳಗಿನಿಂದ ಸಣ್ಣದೊಂದು ಕೀರಲು ಬರುತ್ತಲೇ ಇರುತ್ತದೆ. ಬೆಳಿಗ್ಗೆ ಕರೆಂಟು ಬಂದಾಗಿನಿಂದ ಅದು ಮುಸುಕಿನೊಳಗೆ ತನ್ನಷ್ಟಕ್ಕೆ ಕೀರುತ್ತ ಕೂತಿದೆ.

ಹೆಂಡತಿ ಟಿ.ವಿ.ಯ ಹಿಂದೆ ಕೈ ಹಾಕಿದಳು. ಇನ್ನೇನು ಮುಗಿಯಿತು, ಮರ್ಯಾದೆ ಉಳಿಯಿತು ಎಂದುಕೊಂಡು ನಾನು ಉಸಿರು ಬಿಟ್ಟು, "ಅಬ್ಬ, ನಿಂತಿತು ನೋಡು. ಈಗ ಕಿವಿಗೆ ಹಾಯಾಯ್ತು" ಎಂದೆ.

"ಎಂತ ನಿಂತಿತು? ಸ್ವಿಚ್ಚೇ ಸಿಗ್ಲಿಲ್ಲ ನನಗೆ" ಎಂದಳು.

ಅವಳು ನಗಬಹುದಿತ್ತು. ನಕ್ಕಿದ್ದರೆ ನಾನೂ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆ. ಅವಳು ನಗಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದಳು, ಸ್ವಿಚ್ಚು ಹುಡುಕಿ ಆರಿಸಿದಳು. ಆಮೇಲೆ ಹತ್ತಿರ ಬಂದು, ಅಮ್ಮನೊಡನೆ ಮಾತಾಡುವಾಗ ಮಾಡುವಂತೆ ದನಿ ತುಸು ಏರಿಸಿ, "ಈಗ ನಿಂತಿತು" ಎಂದಳು.

ನಾನು ನಂಬಿದೆ.