ಪೈಲ್ವಾನನ ಪಥ್ಯ

೧೯೭೧ರ ಮೇ ತಿಂಗಳಲ್ಲಿ ಆಂಟಾಪ್ ಹಿಲ್‌ನ ಸದ್ಭಾವ ಕಾಲನಿಯ ನಾಯಿ ಪೈಲ್ವಾನನ ತೂಕ, ಕಲ್ಲಿದ್ದಲು ಡಿಪೋದ ತಕ್ಕಡಿಯ ಪ್ರಕಾರ, ಮೂವತ್ತೊಂಬತ್ತು ಕಿಲೋ ಆಗಿತ್ತು. ಹೀಗೇ ತಿಂದರೆ ವರ್ಷ ದಾಟದು, ಅಳತೆಯಲ್ಲಿ ತಿಂದರೆ ಇನ್ನೂ ಐದಾರು ವರ್ಷ ಬಾಳೀತು ಎಂದು ಪಶುವೈದ್ಯರು ಬರೆದುಕೊಟ್ಟರು.

ಕಾವಲುಗಾರ ನಿಂಗಣ್ಣ ಆ ಚೀಟಿಯನ್ನು ಓಡುತ್ತ ಒಯ್ದು ಕಾಲನಿಯ ಕಮಿಟಿಯ ಮುಂದಿಟ್ಟ. ಯಾದಗಿರಿ ಕಡೆಯಿಂದ ಒಂಟಿಯಾಗಿ ಬಂದ ಅವನಿಗೆ ಮುಂಬಯಿಯಲ್ಲಿ ತನ್ನವರೆಂದು ಇದ್ದದ್ದು ಆ ನಾಯಿಯೊಂದೇ.

ಕಮಿಟಿ ಕೂಡಲೇ 'ಶ್ವಾನ ಆಹಾರ ನಿಯಂತ್ರಣ ಉಪಸಮಿತಿ'ಯನ್ನು ನೇಮಿಸಿತು. ಅಧ್ಯಕ್ಷೆ ಎರಡನೇ ಮಾಳಿಗೆಯ ವಿನೋದಿನಿಬಾಯಿ, ಉಡುಪಿ ಕಡೆಯವರು. ಗೋಡೆಗೆ ಪ್ರಕಟಣೆ ಅಂಟಿತು: "ನಾಯಿಗೆ ದಿನಕ್ಕೆ ನಾಲ್ಕು ಚಪಾತಿ, ಉಪಸಮಿತಿಯ ಕೈಯಿಂದ ಮಾತ್ರ. ಬೇರೆ ಯಾರೂ ಏನನ್ನೂ ಹಾಕತಕ್ಕದ್ದಲ್ಲ. ನಾಯಿಯು ಕೇಳಿದರೂ ಹಾಕತಕ್ಕದ್ದಲ್ಲ."

ಇಪ್ಪತ್ತನಾಲ್ಕು ಮನೆಯವರೂ ಸಹಿ ಹಾಕಿದರು. ಆದರೆ ಮೊದಲ ರೊಟ್ಟಿ ಆಕಳಿಗೆ, ಕೊನೆಯದು ನಾಯಿಗೆ ಎಂಬುದು ಅಲ್ಲಿಯ ಪದ್ಧತಿ. ಆ ಓಣಿಯಲ್ಲಿ ಆಕಳು ಇಲ್ಲದ್ದರಿಂದ ಎರಡೂ ಪೈಲ್ವಾನನಿಗೇ ಸಲ್ಲುತ್ತಿದ್ದವು. ಉಳಿದ ಇಪ್ಪತ್ತಮೂರು ಮನೆಗಳು ನಿಲ್ಲಿಸಿರುವಾಗ ತಾನೊಬ್ಬಳು ಹಾಕಿದರೆ ಏನಾದೀತು ಎಂದು ಪ್ರತಿಯೊಬ್ಬ ಗೃಹಿಣಿಗೂ ಅನಿಸಿತು.

ಜೂನ್‌ನಲ್ಲಿ ತೂಕ ನಲವತ್ತೊಂದು. ಉಪಸಮಿತಿ ಎರಡು ಚಪಾತಿ ಕಡಿತಗೊಳಿಸಿತು. ಜುಲೈಯಲ್ಲಿ ನಲವತ್ತೆರಡು. ಉಳಿದೆರಡನ್ನೂ ರದ್ದುಪಡಿಸಿತು. ಆಗಸ್ಟ್‌ನಲ್ಲಿ ನಲವತ್ತಮೂರು.

"ನಿಂಗಣ್ಣಾ, ನೀನೇ ಕದ್ದು ಹಾಕ್ತಿದ್ದೀಯಲ್ಲಾ?" ಎಂದು ವಿನೋದಿನಿಬಾಯಿ ಗದರಿದರು.

"ದೇವರಾಣಿ ಇಲ್ರೀ ಬಾಯಾರ. ಎಲ್ಲಾರೂ ಹಾಕ್ತಾರ. ನಿನ್ನಿ ನಿಮ್ಮ ಮನಿಯಿಂದಾನೂ ದ್ವಾಶಿ ಬಂತು. ಹಿಂಗಾದ್ರ ಅದು ಉಳಿಯಂಗಿಲ್ರೀ."

"ಅದು ಮಿಕ್ಕಿದ್ದು ಮಾರಾಯ. ಮಿಕ್ಕಿದ್ದು ಆಹಾರದ ವ್ಯಾಖ್ಯೆಯಲ್ಲಿ ಬರುವುದಿಲ್ಲ."

ನಾಯಿಯು ಶೂನ್ಯ ಆಹಾರದಲ್ಲಿ ಪುಷ್ಟವಾಗುತ್ತಿದೆ, ಇದು ಕಾಲನಿಯ ಹವೆಯ ಗುಣ ಎಂದು ಉಪಸಮಿತಿ ವರದಿ ಕೊಟ್ಟಿತು. ಅದೇ ಹವೆಯನ್ನು ಸೇವಿಸುವ ಕಾವಲುಗಾರನಿಗೆ ಮನೆಮನೆಯಿಂದ ಸರದಿಯಂತೆ ಕೊಡುವ ಊಟವೂ ಅನಗತ್ಯವೆಂದು ಸರ್ವಾನುಮತದಿಂದ ನಿರ್ಣಯವಾಯಿತು.

ನಿಂಗಣ್ಣ ಒಂದು ದಿನ ಬರೀ ನೀರು ಕುಡಿದ. ಮರುದಿನ ಮಧ್ಯಾಹ್ನ ಪೈಲ್ವಾನನ ಮುಂದೆ ರೊಟ್ಟಿ ಬಂದೊಡನೆ, "ತಮ್ಮಾ, ಹಿರ್ಯಾ ನಾ ಇದ್ದೀನಿ, ಮೊದಲ ನಂದಾಗ್ಲಿ" ಎಂದು ಧೂಳು ಕೊಡವಿ ತಿಂದ. ನಾಯಿಗೆ ದಿನಕ್ಕೆ ನಾಲ್ಕೇ ಬಿಟ್ಟ. ಪ್ರಕಟಣೆಯಲ್ಲಿ ಇದ್ದದ್ದೂ ಅಷ್ಟೇ.

ಡಿಸೆಂಬರ್ ಹೊತ್ತಿಗೆ ತೂಕ ಮೂವತ್ತಕ್ಕೆ ಇಳಿದು ಪೈಲ್ವಾನ ಮೂರು ಮಾಳಿಗೆ ಒಂದೇ ಉಸಿರಿಗೆ ಹತ್ತತೊಡಗಿತು. ಇನ್ನು ಭಯವಿಲ್ಲ ಎಂದರು ವೈದ್ಯರು. ವಿನೋದಿನಿಬಾಯಿಗೆ ಕಮಿಟಿ ಶಾಲು ಹೊದಿಸಿತು.

ಕೆಳಮನೆಯ ಮಲ್ಲಕ್ಕ ಎಲ್ಲವನ್ನೂ ಕಿಟಕಿಯಿಂದ ನೋಡಿದ್ದಳು.

"ಯಣ್ಣಾ, ನಾಯಿಗೆ ನಿನ್ನಿ ಪಲ್ಯ ಸಪ್ಪಗಾತೇನು?"

"ಸ್ವಲ್ಪ ಖಾರ ಬೇಕಂತದವ್ವಾ. ಜ್ವಾಡಿಗಿ ಉಳ್ಳಾಗಡ್ಡಿ ಇದ್ರ ಛಲೋ ಅಂತದ."

ಮುಂದಿನ ಸಭೆಯಲ್ಲಿ ಮಲ್ಲಕ್ಕನ ಸೂಚನೆಯಂತೆ ನಿಯಮಕ್ಕೆ ತಿದ್ದುಪಡಿ ಬಂತು: "ನಾಯಿಯ ಆಹಾರವನ್ನು ತಟ್ಟೆಯಲ್ಲಿ, ಶೇಂಗಾ ಚಟ್ನಿಯೊಡನೆ, ಬಿಸಿಯಾಗಿ ಕೊಡತಕ್ಕದ್ದು. ಊಟವಾದ ಮೇಲೆ ನಾಯಿಗೆ ಎಲೆ ಅಡಿಕೆ ಕೊಡತಕ್ಕದ್ದು."

ಸುಣ್ಣ ಎಷ್ಟಿರಬೇಕು ಎಂಬುದೊಂದನ್ನು ಮಾತ್ರ ನಾಯಿಯ ವಿವೇಚನೆಗೆ ಬಿಡಲಾಯಿತು.